ಒಬ್ಬಳು ಕಡಿಮೆ

ನಾನು ಪ್ರಿನ್ಸಿಪಾಲ್ ಆದದ್ದು ಸಾಮರ್ಥ್ಯದಿಂದಲ್ಲ, ಸೀನಿಯಾರಿಟಿಯಿಂದ. ಇಪ್ಪತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿಕೊಂಡು ಹಾಯಾಗಿದ್ದವಳನ್ನು ಎಬ್ಬಿಸಿ ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಬೆಳಿಗ್ಗೆ ಬಂದ ಸುತ್ತೋಲೆಯನ್ನು ಮಧ್ಯಾಹ್ನದ ಸುತ್ತೋಲೆ ರದ್ದು ಮಾಡುತ್ತಿತ್ತು. ಯಾವುದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು, ದೇವರಾಣೆ, ಇಂದಿಗೂ ನನಗೆ ಸರಿಯಾಗಿ ತಿಳಿಯದು.

ಒಂದು ಮಾತ್ರ ತಿಳಿದಿತ್ತು. ಆ ವರ್ಷ ತರಗತಿಗೆ ಬೇಕಾದ ಕನಿಷ್ಠ ಸಂಖ್ಯೆಗೆ ಒಬ್ಬರು ಕಡಿಮೆಯಿದ್ದರು; ಇನ್ನೊಬ್ಬರು ಸೇರದಿದ್ದರೆ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ನಡೆಯುವುದಿಲ್ಲ. ಒಮ್ಮೆ ನಿಂತ ತರಗತಿಯನ್ನು ಮತ್ತೆ ಕೊಡುವವರಾರು? ನಾನೇ ಕೈಯಾರೆ ಕಟ್ಟಿದ ಲ್ಯಾಬು. ಅದಕ್ಕೂ ಬೀಗ ಬೀಳುತ್ತಿತ್ತು.

ಕಂದಿಕೆರೆ ಕಡೆಯ ಹುಡುಗಿಯೊಬ್ಬಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದೂ ಎಲ್ಲಿಗೂ ಸೇರದೆ ಮನೆಯಲ್ಲಿದ್ದಾಳೆಂದು ಗೊತ್ತಾಯಿತು. ನಮ್ಮ ಕಾಲೇಜಿನ ಪ್ರವೇಶಕ್ಕೆ ಕಡೆಯ ದಿನ, ಬೆಳಿಗ್ಗೆಯೇ ಅರ್ಜಿ ಹಿಡಿದು ಬಸ್ಸು ಹತ್ತಿದೆ. ಪ್ರಿನ್ಸಿಪಾಲ್ ಆದವರು ಮನೆಮನೆಗೆ ಹೋಗಿ ಮಕ್ಕಳನ್ನು ಬೇಡುವುದೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ, ಅವರ ಗಂಟೇನು ಹೋಗುತ್ತದೆ!

ಅಂಗಳದಲ್ಲಿ ಹುಡುಗಿಯ ಅಜ್ಜಿ ಕೊಬ್ಬರಿ ಚಿಪ್ಪು ಒಟ್ಟುತ್ತಿದ್ದರು. ಮನೆಯ ಯಜಮಾನಿಕೆ ಅವರದೇ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಚಾಪೆ ಹಾಸಿದರು, ಕಾಫಿ ಕೊಟ್ಟರು, ಕುಂಕುಮವಿಟ್ಟು ನನ್ನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬಿಯೇಬಿಟ್ಟರು. ಮುತ್ತೈದೆಗೆ ಕೊಡುವುದನ್ನು ಬೇಡವೆನ್ನಲು ಆಗುತ್ತದೆಯೇ?

"ಈಗ ನೀನು ಈ ಮನೆ ಮಗಳು ಕಣವ್ವ. ತವರಲ್ಲಿ ಸುಳ್ಳಾಡಬಾರ್ದು. ಏನ್ ಬಂದಿದ್ದು, ಹೇಳು," ಎಂದು ಎದುರಿಗೆ ಕೂತರು.

ಕಾಲೇಜು, ಲ್ಯಾಬು, ವಿದ್ಯಾರ್ಥಿವೇತನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಹುಡುಗಿಯ ಕಣ್ಣು ಅರ್ಜಿಯ ಮೇಲೇ ಇತ್ತು.

"ಓದ್ಸಿದ್ರೆ ನೆಟ್ಟಗೆ ಓದುಸ್ಬೇಕು, ಇಲ್ದಿದ್ರೆ ಬುಡ್ಬೇಕು. ಯಾವ ಕಾಲೇಜು ನೆಟ್ಟಗೈತೆ ಅಂತ ನಮಗೇನ್ ಗೊತ್ತು? ಅದಕ್ಕೇ ಮನೇಲಿ ಕೂರ್ಸಿದೀನಿ. ನಿನಗೆ ಮಗಳು ಇದ್ದಾಳಾ?"

"ಇದ್ದಾಳೆ. ಅವಳೂ ಈ ವರ್ಷವೇ ಬಿ.ಎಸ್ಸಿ."

"ಮತ್ತೆ, ನಿನ್ ಕಾಲೇಜ್ಗೇ ಅಲ್ವಾ ಬರಾದು?"

ಕಾಫಿ ಲೋಟ ಕೆಳಗಿಟ್ಟೆ. ಮಗಳನ್ನು ತಿಪಟೂರಿನ ಖಾಸಗಿ ಕಾಲೇಜಿಗೆ ಸೇರಿಸಿ ತಿಂಗಳಾಗಿತ್ತು. ಯಾಕೆ ಸೇರಿಸಿದೆ? ಅಮ್ಮನ ಕಣ್ಣೆದುರು ಓದುವುದು ಬೇಡವೆಂದೋ, ಅವಳ ಗೆಳತಿಯರು ಅಲ್ಲಿದ್ದಾರೆಂದೋ, ನಮ್ಮ ಪಾಠದ ಮೇಲೆ ನನಗೇ ನಂಬಿಕೆ ಇಲ್ಲದೆಯೋ? ಆ ಕ್ಷಣದವರೆಗೆ ನಾನೇ ಕೇಳಿಕೊಂಡಿರಲಿಲ್ಲ.

"ಇಲ್ಲ, ತಿಪಟೂರಿಗೆ ಹೋಗ್ತಾಳೆ," ಅಂದೆ.

ಬೈಯುತ್ತಾರೆ ಅಂದುಕೊಂಡೆ. ಅಜ್ಜಿಯ ಮುಖ ಅರಳಿತು. "ಲೇ, ಕೇಳಿಸ್ಕಂಡ್ಯೇನೇ? ನೀನೂ ಅಲ್ಲಿಗೇ ಸೇರ್ಕ. ಪ್ರಿನ್ಸಿಪಾಲಮ್ಮನ ಮಗಳಿಗೆ ಒಳ್ಳೇದಾದದ್ದು ನಿನಗೂ ಒಳ್ಳೇದೇಯ!"

ಹುಡುಗಿ ಓಡಿಬಂದು ನನ್ನ ಕಾಲಿಗೆ ಬಿದ್ದಳು. ನಮ್ಮದೂ ಒಳ್ಳೆಯ ಕಾಲೇಜೇ ಕಣಮ್ಮ ಅನ್ನಬೇಕಿತ್ತು. ಖಾಲಿ ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಕಡಿಮೆ ಇರುವುದು ಒಬ್ಬಳು. ಈ ಅರ್ಜಿಯ ಮೇಲೆ ನನ್ನ ಮಗಳ ಹೆಸರೇ ಬರೆಯಬಹುದಲ್ಲ! ಸಂಜೆಯವರೆಗೆ ಸಮಯವಿತ್ತು. ಅವಳಿಗೆ ಹೇಳೋಣವೆಂದು ಫೋನ್ ತೆಗೆದೆ. ನಮ್ಮೂರು ಬರುವವರೆಗೂ ಕೈಯಲ್ಲೇ ಹಿಡಿದು ಕೂತಿದ್ದೆ. ಮಾಡಲಿಲ್ಲ. ಯಾಕೆ ಮಾಡಲಿಲ್ಲವೋ, ನನಗಿನ್ನೂ ಅರ್ಥವಾಗಿಲ್ಲ.

ಆ ವರ್ಷ ತರಗತಿ ನಡೆಯಲಿಲ್ಲ. ಆಗಲೇ ಸೇರಿದ್ದ ಮಕ್ಕಳನ್ನು ಕರೆದು ಅವರವರ ಅಂಕಪಟ್ಟಿಗಳನ್ನು ನಾನೇ ಕೈಗೆ ಕೊಟ್ಟೆ. ಹೆಚ್ಚಿನವರು ಬೇರೆ ಕಡೆ ಸೇರಿಕೊಂಡರು. ಇಬ್ಬರು ಹುಡುಗಿಯರನ್ನು ಮನೆಯವರು ದೂರಕ್ಕೆ ಕಳಿಸಲಿಲ್ಲ; ಅವರ ಓದು ಅಲ್ಲಿಗೇ ನಿಂತಿತು.

ಕಂದಿಕೆರೆಯ ಹುಡುಗಿ ಈಗ ಎಂ.ಎಸ್ಸಿ. ಓದುತ್ತಿದ್ದಾಳೆ. ಕಂಡಾಗಲೆಲ್ಲ, "ಎಲ್ಲ ನಿಮ್ಮಿಂದಲೇ ಮೇಡಂ," ಅನ್ನುತ್ತಾಳೆ. ಓದು ನಿಂತ ಆ ಇಬ್ಬರೂ ಸಂತೆಯಲ್ಲಿ ಒಮ್ಮೊಮ್ಮೆ ಸಿಗುತ್ತಾರೆ, ನಕ್ಕು ನಮಸ್ಕಾರ ಹೇಳಿ ಹೋಗುತ್ತಾರೆ. ಅದೇ ಮಾತನ್ನು ಅವರೂ ಅನ್ನಬಹುದು.