ಜಟ್ಟೆಪ್ಪನ ದೋಣಿ ಚೀಟಿ

ಠಾಕುರ್ಲಿ ಸ್ಟೇಶನ್ನಿನ ಸೇತುವೆ ಇಳಿದರೆ ಕೊನೆಯ ಮೆಟ್ಟಿಲ ಪಕ್ಕದಲ್ಲೇ ಗೋಣಿತಟ್ಟು ಹಾಸಿಕೊಂಡು ಜಟ್ಟೆಪ್ಪ ಕೂರುತ್ತಿದ್ದ. ಎದುರಿಗೆ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯ ಮುಂದೆ ಬಣ್ಣ ಮಾಸಿದ ಚೀಟಿಗಳ ಸಾಲು. ಗಿಳಿಯ ಹೆಸರು ಪಂಡಿತ. ಅಷ್ಟು ದೊಡ್ಡ ಹೆಸರು ಹೊತ್ತುಕೊಂಡು ಅದು ಮಾಡುತ್ತಿದ್ದ ಕೆಲಸ ಇಷ್ಟೇ: ಹೊರಗೆ ಬಂದು, ಸಾಲಿನ ಮುಂದೆ ಗತ್ತಿನಿಂದ ಓಡಾಡಿ, ಕೊಕ್ಕಿನಲ್ಲಿ ಒಂದು ಚೀಟಿ ಎಳೆದುಹಾಕಿ, ಕಾಳು ತಿಂದು ಒಳಗೆ ಹೋಗುವುದು. ಉಳಿದದ್ದೆಲ್ಲ ಜಟ್ಟೆಪ್ಪನ ಬಾಯಿಯ ಕೆಲಸ. ಆ ಬಾಯಿಗೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ಗಿರಾಕಿಗಳಿದ್ದರು.

ಅವನು ಈ ಕೆಲಸಕ್ಕೆಂದು ಇಲ್ಲಿಗೆ ಬಂದವನಲ್ಲ. ಕಲಬುರ್ಗಿ ಕಡೆಯಿಂದ ಹೆಂಡತಿ ಚಂದ್ರಬಾಯಿಯನ್ನೂ ಕಂಕುಳ ಕೂಸನ್ನೂ ಕರೆದುಕೊಂಡು ಬಂದು, ವ್ಯಾಗನ್ನುಗಳಿಂದ ಕಲ್ಲಿದ್ದಲು ಇಳಿಸುವ ಕೂಲಿಗೆ ಸೇರಿದ್ದ. ಕೆಲವು ವರ್ಷಕ್ಕೇ ಸೊಂಟ ಹಿಡಿದುಕೊಂಡಿತು. ಅದೇ ವರ್ಷದ ಮಳೆಗಾಲದಲ್ಲಿ ಚಂದ್ರಬಾಯಿ ಕಾಮಾಲೆಯಾಗಿ ತೀರಿಕೊಂಡಳು. ಬಗ್ಗಲಾಗದ ಸೊಂಟ, ಶಾಲೆಗೆ ಹೋಗುವ ಮಗಳು, ಇವೆರಡನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದಾಗ, ವಯಸ್ಸಾಗಿ ಊರಿಗೆ ಹೊರಟಿದ್ದ ಗಿಳಿಶಾಸ್ತ್ರದ ಮುದುಕನೊಬ್ಬ ತನ್ನ ಹಕ್ಕಿಯನ್ನೂ ಚೀಟಿಗಳನ್ನೂ ಇವನಿಗೆ ಒಪ್ಪಿಸಿದ. ಜೊತೆಗೆ ಮೂರು ಕಟ್ಟಳೆ ಹೇಳಿಕೊಟ್ಟ. ಹಕ್ಕಿಗೂ ಚೀಟಿಗೂ ನಡುವೆ ಕೈ ಹಾಕಬಾರದು. ಗೋಣಿತಟ್ಟಿನ ಮೇಲೆ ಕೂತು ಹೆಸರು ಹೇಳಿದವರನ್ನು ಎಬ್ಬಿಸಿ ಕಳಿಸಬಾರದು, ಬಂದ ಚೀಟಿ ಹಿಡಿಸಲಿಲ್ಲವೆಂದು ಅದೇ ಮಾತಿಗೆ ಇನ್ನೊಂದು ತೆಗೆಸಲೂಬಾರದು.

ಬೇರೆ ಸ್ಟೇಶನ್ನಿನ ಗಿಳಿಯವರು ಹಕ್ಕಿಗೆ ಏನೇನೋ ಪಾಠ ಕಲಿಸಿಟ್ಟಿರುತ್ತಾರೆಂದು ಜನ ಮೂಗು ಮುರಿಯುತ್ತಿದ್ದರು. ಜಟ್ಟೆಪ್ಪ ಹಾಗಲ್ಲ. ಚೀಟಿ ಹರವಿದ ಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಎಲ್ಲರಿಗೂ ಕಾಣುವಂತೆ ಕೂರುತ್ತಿದ್ದ. ಅವನಲ್ಲಿ ಇದ್ದ ಜಂಬವೆಲ್ಲ ಅದೊಂದೇ.

ಚೀಟಿಗಳಲ್ಲಿ ಒಂದಕ್ಕೆ ಭಾರೀ ಹೆಸರು. ರಾಮ ಸೀತೆ ಲಕ್ಷ್ಮಣರು ದೋಣಿಯಲ್ಲಿ ಕೂತಿದ್ದಾರೆ, ಅಂಬಿಗ ಹುಟ್ಟು ಹಾಕುತ್ತಿದ್ದಾನೆ. ಅದು ಬಂದರೆ ಜಟ್ಟೆಪ್ಪನ ದನಿ ಏರುತ್ತಿತ್ತು. “ನೋಡಪ್ಪ, ನಿಂತ ದಂಡಿ ಬಿಡಬೇಕು ಅಂತ ಬಂದದ. ಆ ಕಡಿ ದಂಡಿ ಕಾಣವಲ್ದು ಅಂತ ಅಂಜಬ್ಯಾಡ. ರಾಮದೇವ್ರಿಗೂ ಕಂಡಿರಲಿಲ್ಲ. ಗಂಟು ಕಟ್ಟು, ನಡಿ.” ದೇಜಪ್ಪನೆಂಬ ಮಂಗಳೂರು ಕಡೆಯ ಹೋಟೆಲ್ ಮಾಣಿ ಈ ಮಾತು ಕೇಳಿ ಕೆಲಸ ಬಿಟ್ಟು, ರಬಾಳೆಯಲ್ಲಿ ಆಗಷ್ಟೇ ಏಳುತ್ತಿದ್ದ ಫ್ಯಾಕ್ಟರಿಯೊಂದರ ಗೇಟಿನೆದುರು ಚಹಾದ ಟಪರಿ ಹಾಕಿದ. ವರ್ಷ ತುಂಬುವುದರೊಳಗೆ ಪೇಡೆ ಡಬ್ಬಿ ಹಿಡಿದುಕೊಂಡು ಬಂದು, “ನಿಮ್ಮ ದೋಣಿ ದಡ ಮುಟ್ಟಿತು ಮಾರಾಯ್ರೆ” ಎಂದು ಕಾಲಿಗೆ ಬಿದ್ದ. ಹೀಗೆ ಎಷ್ಟೋ ಮಂದಿ. ಹೋಗಲೇನು ಎಂದು ಕೇಳಲು ಬಂದವರು ಮನಸ್ಸಿನಲ್ಲಿ ಆಗಲೇ ಹೊರಟಿರುತ್ತಾರೆ, ಯಾರಾದರೂ ಒಬ್ಬರು ಹ್ಞೂಂ ಅನ್ನಲಿ ಎಂದು ಕಾಯುತ್ತಿರುತ್ತಾರೆ ಎಂಬುದು ಜಟ್ಟೆಪ್ಪನಿಗೆ ಬಹಳ ಹಿಂದೆಯೇ ತಿಳಿದಿತ್ತು.

ಎಂಬತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಮಗಳು ಪುಷ್ಪಾವತಿ ಹೊರಡುವ ಮಾತು ತೆಗೆದಳು. ಮರಾಠಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಡೊಂಬಿವಲಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕಿದ್ದಳು. ಅಲ್ಲಿಯ ನರ್ಸ್ ಮೋಹಿನಿ, ಉಡುಪಿಯ ಕಡೆಯವಳು, ಹುಡುಗಿಯ ಚುರುಕು ನೋಡಿ ಮಿರಜದಲ್ಲಿ ನರ್ಸ್ ತರಬೇತಿಗೆ ಸೀಟು ಕೊಡಿಸಿದ್ದಳು. ಊಟ, ವಸತಿ ಎಲ್ಲ ಅಲ್ಲೇ.

“ಜಾಊ ಕಾ, ಬಾಬಾ? ಹೋಗ್ಲೇನು?” ಎಂದಳು ಪುಷ್ಪಾವತಿ.

ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು, ಸಂಜೆ ಸೊಂಟಕ್ಕೆ ಎಣ್ಣೆ ತಿಕ್ಕುವ ಕೈ, ಮನೆಯಲ್ಲಿ ಮಾತು ಎಂದು ಏನಾದರೂ ಇದ್ದರೆ ಅದು ಇವಳದು. ಬೇಡವೆಂದು ಹೇಳಿಬಿಡಬಹುದಿತ್ತು. ಆದರೆ ರೊಟ್ಟಿಯಾಸೆಗೆ ಮಗಳ ಕಾಲು ಕಟ್ಟಿದ ಎಂದು ಚಾಳಿನವರು ಆಡಿಕೊಂಡರೆ? ಚಾಳಿನವರದಾದರೂ ಇರಲಿ, ಇವಳೇ ಮುಂದೊಂದು ದಿನ ಅಂದರೆ? “ನೋಡೂಣಂತ ತಗಿ” ಎಂದ ಜಟ್ಟೆಪ್ಪ. ಮಾರನೇ ದಿನವೂ ಅದನ್ನೇ ಅಂದ.

“ನೀ ಹಿಂಗs ನೋಡ್ಕೋತ ಕೂಡ್ತಿ. ನಾಳಿ ಡ್ಯೂಟಿ ಮುಗಿಸ್ಕೊಂಡು ಬಂದು ನಾನs ತಟ್ಟಿನ ಮ್ಯಾಲೆ ಕೂಡ್ತೀನಿ. ಪಂಡಿತ ಹೇಳಲಿ” ಎಂದಳು ಮಗಳು. ಜಟ್ಟೆಪ್ಪ ದೊಡ್ಡದಾಗಿ ನಕ್ಕ. ಒಳಗೊಳಗೆ ಬೆವರಿದ.

ಮರುದಿನ ಬೆಳಿಗ್ಗೆ ಚೀಟಿ ಹರವುವಾಗ ಅವನು ದೋಣಿಯ ಚೀಟಿಯನ್ನು ಮೆಲ್ಲಗೆ ಸರಿಸಿ ಅಂಗಿಯ ಒಳಜೇಬಿಗೆ ಇಳಿಸಿದ. ಅಷ್ಟು ವರ್ಷಗಳಲ್ಲಿ ಹಕ್ಕಿಗೂ ಚೀಟಿಗೂ ನಡುವೆ ಕೈ ಹಾಕಿದ್ದು ಅದೇ ಮೊದಲು. ಪಂಡಿತ ಪಂಜರದೊಳಗಿಂದ ಕತ್ತು ಓರೆ ಮಾಡಿ ನೋಡುತ್ತಿತ್ತು. ಗಿಳಿಗಳು ಹಾಗೇ ನೋಡುವುದು ಎಂದು ಜಟ್ಟೆಪ್ಪ ತನಗೆ ತಾನೇ ಹೇಳಿಕೊಂಡ.

ಮಗಳು ಹೇಳಿದಂತೆಯೇ ಬಂದಳು. ಗಿರಾಕಿಗಳ ಹಾಗೆ ಚಪ್ಪಲಿ ಬಿಟ್ಟು, ನಾಣ್ಯ ಇಟ್ಟು, “ಪುಷ್ಪಾವತಿ ಜಟ್ಟೆಪ್ಪ” ಎಂದು ಹೆಸರು ಹೇಳಿದಳು. ಪಂಡಿತ ಹೊರಗೆ ಬಂತು, ಓಡಾಡಿತು, ಒಂದು ಚೀಟಿ ಎಳೆಯಿತು. ಹಾವಿನ ಹಾಸಿಗೆಯ ಮೇಲೆ ಮಲಗಿದ ವಿಷ್ಣು, ಕಾಲ ಬುಡದಲ್ಲಿ ಲಕ್ಷ್ಮಿ.

“ಇದ್ದ ಜಾಗಾ ಛಲೋ ಅದ ಅಂತ ಬಂದದವ್ವ. ಕಾಲು ಕೀಳಬ್ಯಾಡ. ನಿಂದು ಏನದ ಅದು ಇಲ್ಲಿಗೇ ಬರ್ತದ” ಎಂದ ಜಟ್ಟೆಪ್ಪ. ಹೇಳುವಾಗ ಮಗಳ ಮುಖ ನೋಡಲಿಲ್ಲ.

ಅವಳು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. “ಆಯ್ತು” ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದಳು. ಗೆದ್ದೆನೆಂದುಕೊಂಡ ಜಟ್ಟೆಪ್ಪ ಪಂಡಿತನಿಗೆ ಒಂದು ಹಿಡಿ ಕಾಳು ಜಾಸ್ತಿ ಹಾಕಿದ.

ಆ ಗೆಲುವು ಮರುದಿನ ಮಧ್ಯಾಹ್ನದವರೆಗೂ ಬಾಳಲಿಲ್ಲ. ಮೋಹಿನಿ ಸಿಸ್ಟರ್ ಸೇತುವೆಯ ಮೆಟ್ಟಿಲು ದಡದಡ ಇಳಿದು ನೇರ ಇವನ ಮುಂದೆಯೇ ಬಂದು ನಿಂತಳು.

“ಎಂತದು ಜಟ್ಟೆಪ್ಪಣ್ಣ ಇದು? ನಿಮ್ಮ ಗಿಳಿ ಬೇಡ ಹೇಳಿತಂತೆ, ಇವಳು ಹ್ಞೂಂ ಹೇಳಿದಳಂತೆ! ಸೋಮವಾರ ಅಲ್ಲಿ ಹಾಜರಾಗದಿದ್ರೆ ಸೀಟು ಹೋಯ್ತು, ಗೊತ್ತುಂಟಾ ನಿಮಗೆ?”

“ದೈವದ ಮಾತು ಸಿಸ್ಟರ್. ನಾ ಏನ್ ಮಾಡ್ಲಿ?”

“ಅವಳು ಸಿಟ್ಟಾದರೂ ಮಾಡಿದ್ರೆ ನನಗೆ ಸಮಾಧಾನ ಆಗ್ತಿತ್ತು. ಅದೂ ಇಲ್ಲ. ‘ನಮ್ಮ ಬಾಬಾ ಯಾರಿಗೂ ಸುಳ್ಳು ಹೇಳೋನಲ್ಲ’ ಅಂತಾಳೆ. ಅದಕ್ಕೆ ನಾನು ಎಂತ ಹೇಳೂದು?” ಎಂದು ಕಣ್ಣು ಒರೆಸಿಕೊಂಡು ಹೋದಳು.

ಜಟ್ಟೆಪ್ಪನ ಮುಖಕ್ಕೆ ಹೊಡೆದಂತಾಯಿತು. ಮಗಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಜಗಳವಾಡಿದ್ದರೆ ತಿರುಗಿ ಗದರಬಹುದಿತ್ತು. ನಂಬಿದವಳಿಗೆ ಏನು ಹೇಳುವುದು? ಇನ್ನೂ ಹೊತ್ತಿದ್ದಂತೆಯೇ ಚೀಟಿ ಮಡಚಿ ಮನೆಗೆ ಹೋದ. ಮಗಳು ಮಿರಜಕ್ಕೆಂದು ತಂದಿಟ್ಟಿದ್ದ ಹೊಸ ಟ್ರಂಕಿನಿಂದ ತನ್ನ ಬಟ್ಟೆ ತೆಗೆದು, ಅವನ ಅಂಗಿ ಧೋತರಗಳನ್ನು ಒಗೆದು ಮಡಚಿ ಅದರೊಳಗೆ ಜೋಡಿಸುತ್ತಿದ್ದಳು. ಟ್ರಂಕು ಸುಮ್ಮನೆ ಖಾಲಿ ಯಾಕೆ ಇರಬೇಕು ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಜಟ್ಟೆಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಪುಷ್ಪಾ, ಆ ದೋಣಿ ಚೀಟಿ ಸಾಲಿನ್ಯಾಗ ಇರಲಿಲ್ಲವ್ವ” ಎಂದು ಒಳಜೇಬಿನಿಂದ ತೆಗೆದು ಅವಳ ಮುಂದಿಟ್ಟ.

“ಕಳದಿತ್ತೇನು?”

“ಇಲ್ಲ. ನಾನs ತಗದು ಮುಚ್ಚಿಟ್ಟೆ.”

ಸಿಟ್ಟು ಬಂದಾಗ ಪುಷ್ಪಾವತಿಯ ಬಾಯಿಗೆ ಬರುವುದು ಹಿಂದಿ. “ಸಬ್ ಕೋ ಐಸಾಚ್ ಫಸಾಯಾ ಕ್ಯಾ?” ಎಂದು ಕೂಗಿದಳು. ಎಲ್ಲರಿಗೂ ಹೀಗೇ ಮೋಸ ಮಾಡಿದೆಯಾ? ಪಕ್ಕದ ಖೋಲಿಯಲ್ಲಿ ರೇಡಿಯೋ ನಿಂತಿತು.

“ನಿನ್ನ ತಾಯಿ ಆಣಿ, ಯಾರಿಗೂ ಮಾಡಿಲ್ಲ. ನಿನಗೊಬ್ಬಾಕಿಗೆ.”

“ಯಾಕ?”

“ಅದು ಬಂದ್ರ ನೀ ಹೋಗ್ತಿದ್ದಿ.”

ಅವಳು ಟ್ರಂಕಿನಿಂದ ಅವನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ಹಾಕಿದಳು. ಭಾನುವಾರದವರೆಗೂ ರೊಟ್ಟಿ ಬಡಿದು ಮುಂದಿಟ್ಟಳು, ಬಾಯಿ ಮಾತ್ರ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಸೊಂಟನೋವು ಲೆಕ್ಕಿಸದೆ ಟ್ರಂಕನ್ನು ತಾನೇ ಹೊತ್ತು ಕಲ್ಯಾಣಕ್ಕೆ ಬಂದ. ಮಿರಜದ ಗಾಡಿ ಬಂತು. ನೂಕುನುಗ್ಗಲಿನಲ್ಲಿ ಮಗಳಿಗೆ ಕಿಟಕಿ ಪಕ್ಕದ ಜಾಗ ಹಿಡಿದುಕೊಟ್ಟು ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತ. ಪುಷ್ಪಾವತಿ ಆಗ ಬಾಯಿ ತೆರೆದಳು.

“ಚೀಟಿ ಯಾಕ ಮುಚ್ಚಿಟ್ಟಿ, ಬಾಬಾ? ‘ಹೋಗಬ್ಯಾಡ, ನನಗ ಯಾರೂ ಇಲ್ಲ’ ಅಂತ ನೀನs ಬಾಯಿಬಿಟ್ಟು ಅಂದಿದ್ರ ನಾ ಹೋಗ್ತಿರಲಿಲ್ಲ.”

ಸಿಗ್ನಲ್ ಇನ್ನೂ ಬಿದ್ದಿರಲಿಲ್ಲ. ಮಗಳು ಒಂದು ಕೈಯನ್ನು ಟ್ರಂಕಿನ ಹಿಡಿಕೆಯ ಮೇಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಈಗ ಅಂದರೂ ಇಳಿಯುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಇಬ್ಬರೂ ಟ್ರಂಕು ಹಿಡಿದುಕೊಂಡು ಲೋಕಲ್ ಹತ್ತಿ ಮನೆಗೆ ಹೋಗಬಹುದು, ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ, ಸಂಜೆಗೆ ಮಾತು. ಆ ಆಸೆ ಗಂಟಲಿನವರೆಗೂ ಬಂತು. ಜಟ್ಟೆಪ್ಪ ಅದನ್ನು ನುಂಗಿಕೊಂಡ. ಎಂಥೆಂಥವರಿಗೋ ದನಿ ಏರಿಸಿ ಹೇಳಿದ ಮಾತು ಈಗ ಗೊಗ್ಗರಾಗಿ ಹೊರಬಿತ್ತು.

“ಹೋಗವ್ವ. ಇದು ಚೀಟಿ ಮಾತಲ್ಲ, ಪಂಡಿತನ ಮಾತೂ ಅಲ್ಲ. ನಿಮ್ಮಪ್ಪ ಹೇಳ್ಲಾಕತ್ತೀನಿ. ಹೋಗು.”

ಪುಷ್ಪಾವತಿ ಟ್ರಂಕು ಬಿಟ್ಟು, ಸರಳುಗಳ ನಡುವಿನಿಂದ ಕೈ ಚಾಚಿ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಗಾಡಿ ಅಲುಗಾಡಿದರೂ ಬಿಡಲಿಲ್ಲ. ಬಿಡಿಸಿಕೊಂಡವನು ಜಟ್ಟೆಪ್ಪನೇ.