ದರ್ಜಿಯ ಗೋಡೆಯ ಮೇಲಿನ ಪೈಲ್ವಾನ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ದರ್ಜಿ ಕಾಕಾನ ಅಂಗಡಿಯ ಗಡಿಯಾರ ಐದು ನಿಮಿಷ ಮುಂದಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ. ನನ್ನ ಗೆಳೆಯನ ಬಲಗೈಗೆ ಕುತ್ತು ಬಂದದ್ದು ಆ ಗಳಿಗೆಯಲ್ಲಿ. ತಂದವನು ನಾನು.

ಆಗ ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಗೆಳೆಯ ಒಂದು ಕಚೇರಿಯಲ್ಲಿ ನಕಲು ಬರೆಯುವ ಕಾರಕೂನ. ಇಬ್ಬರದೂ ಒಂದೇ ಖೋಲಿ. ದಿನವಿಡೀ ಕಚೇರಿಯಲ್ಲಿ ಬರೆದ ಕೈಯಿಂದಲೇ ಅವನು ಸಂಜೆ ಪೇಟೆಯಲ್ಲಿ ಕೂತು ಇದ್ದಲಿಯಿಂದ ಕಂಡವರ ಮುಖ ತೆಗೆಯುತ್ತಿದ್ದ. ಯಾರೂ ಕಲಿಸಿರಲಿಲ್ಲ. ಬಟ್ಟೆಯ ಅಳತೆಗೆಂದು ಕಾಕಾ ಇಟ್ಟುಕೊಂಡಿದ್ದ ಖಾಕಿ ಕಾಗದವೇ ಅವನ ಕಾಗದ, ಕಾಕಾನ ಅಂಗಡಿಯ ಹೊರಗೋಡೆಯೇ ಅವನ ಪ್ರದರ್ಶನ. ದಾರ ಕಟ್ಟಿ, ಟಾಚಣಿ ಚುಚ್ಚಿ ಸಾಲಾಗಿ ತೂಗುಹಾಕುತ್ತಿದ್ದ: ಟಾಂಗಾದವನು, ಮೊಸರು ಮಾರುವವಳು, ಟಪಾಲಿನವನು. ಟಾಂಗಾದವನು ತನ್ನ ಕುದುರೆಯನ್ನೂ ಕರೆತಂದು ತನ್ನ ಚಿತ್ರ ತೋರಿಸಿದ್ದ.

ನಮ್ಮ ಕಡೆ ಆ ಕಾಲಕ್ಕೆ ಗೋಡೆಯ ಮೇಲೆ ಚಿತ್ರವಾಗಬೇಕಾದರೆ ದೇವರಾಗಿರಬೇಕು, ಇಲ್ಲವೇ ಸತ್ತಿರಬೇಕು. ಸತ್ತವರ ಚಿತ್ರಕ್ಕೆ ಮಾಲೆ. ಕೆಳಗೆ ತೀರಿಹೋದ ತಾರೀಖು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಮನೆಯಲ್ಲೇ ಅಜ್ಜ ಹಾಗೆ ತೂಗುತ್ತಿದ್ದ. ಆದರೆ ತಾರೀಖಿಲ್ಲದ ಚಿತ್ರಕ್ಕೆ ಮುಂದೆ ಬೆಲೆ ಇರುವುದಿಲ್ಲವೆಂದು ಕಾಲೇಜಿನಲ್ಲಿ ಎಲ್ಲಿಯೋ ಓದಿದ್ದೆ. ಗೆಳೆಯ ಬೇಡವೆಂದರೂ ಪ್ರತಿ ಚಿತ್ರದ ಕೆಳಗೆ ತೆಗೆದ ದಿನವನ್ನು ನಾನೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದೆ.

ಉಳಿದದ್ದನ್ನು ಪಕ್ಕದ ಹೂವಿನ ಅಜ್ಜಿ ಪೂರೈಸಿದಳು. ಸೋಮವಾರ ಚೆಂಡು ಹೂವಿನ ಮಾಲೆಯೊಂದು ಮಾರಾಟವಾಗದೆ ಉಳಿದಿತ್ತು. ಎಲ್ಲ ಚಿತ್ರಗಳಲ್ಲೂ ಚೆಂದಾಗಿ ಬಂದದ್ದು ಗರಡಿಮನೆಯ ಪೈಲ್ವಾನನದೆಂದು ಅವನ ಕೊರಳಿಗೆ ಹಾಕಿದಳು.

ಮಂಗಳವಾರ ಸಂತೆ. ನನಗೆ ಪಾಠವಿರಲಿಲ್ಲ, ಕಾಕಾನ ಕಟ್ಟೆಯ ಮೇಲೆ ಕೂತಿದ್ದೆ. ಜೋಳದ ಚೀಲ ಹೊತ್ತ ಹೆಬ್ಬಳ್ಳಿಯ ತರುಣನೊಬ್ಬ ಮೂರು ಗಂಟೆ ಹತ್ತು ನಿಮಿಷಕ್ಕೆ ಪೈಲ್ವಾನನ ಚಿತ್ರದ ಮುಂದೆ ನಿಂತ. ಚೀಲ ಇಳಿಸಿದ. ತಲೆಯ ರುಮಾಲು ತೆಗೆದ. ತಾರೀಖಿನ ಮೇಲೆ ಬೆರಳಿಟ್ಟು ಓದಿ, ನನ್ನ ಕಡೆ ತಿರುಗಿದ.

“ಈ ತಾರೀಖು ಖರೇ ಏನ್ರಿ?”

“ತಾರೀಖಿನ್ಯಾಗ ತಪ್ಪಿಲ್ಲ. ನನ್ನ ಕೈಲೇ ಬರದೇನಿ.”

ಅವನು ಚೀಲವನ್ನು ಅಲ್ಲೇ ಬಿಟ್ಟು ಓಡಿದ. ಚಿತ್ರಕಲೆಗೆ ಮನಸೋತ ರೈತ ಸಿಕ್ಕನೆಂದು ಸಂಜೆ ಗೆಳೆಯನಿಗೆ ವರ್ಣಿಸಿದೆ. ಆ ತರುಣ ಪೈಲ್ವಾನನ ಹೆಂಡತಿಯ ತಮ್ಮನೆಂದು, ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆಂದು ನಮಗೇನು ಗೊತ್ತು?

ಬುಧವಾರ ಬೆಳಿಗ್ಗೆ ಎಂಟಕ್ಕೆ, ಗೆಳೆಯ ಕಚೇರಿಗೆ ಹೋಗುವ ಮುನ್ನ ಹೊಸ ಚಿತ್ರ ಕಟ್ಟುತ್ತಿದ್ದಾಗ, ಎರಡು ಚಕ್ಕಡಿ ಬಂದು ನಿಂತವು. ಒಳಗೆ ಅಳುವ ಹೆಂಗಸರು. ಪೈಲ್ವಾನನ ಮನೆಗೆ ಮೊದಲೇ ಹೋಗಿ, ಬಾಗಿಲಿಗೆ ಕೀಲಿ ಕಂಡು, ಚಿತ್ರದ ಹತ್ತಿರವಾದರೂ ಅಳೋಣವೆಂದು ಬಂದಿದ್ದರು. ಗೆಳೆಯ ಕೈಮುಗಿದ.

“ಅವ್ರು ಜೀವಂತ ಅದಾರ್ರಿ. ನಾ ಬರದಾಗ ನನ್ನ ಮುಂದ ಕುಂತಿದ್ರು.”

“ಚಿತ್ರ ತಗಸೂವಾಗ ಎಲ್ಲಾರೂ ಜೀವಂತನ ಇರತಾರ,” ಎಂದ ಪೈಲ್ವಾನನ ಮಾವ. “ಮಾಲಿ ಯಾಕ ಹಾಕೀರಿ?”

“ಉಳದಿತ್ತು, ಹಾಕಿದ್ನಿ,” ಎಂದಳು ಹೂವಿನ ಅಜ್ಜಿ.

ಯಾರೂ ನಂಬಲಿಲ್ಲ. ಮುದುಕಿಯೊಬ್ಬಳು ಪೈಲ್ವಾನನ ಹೆಂಡತಿಯ ಎಡಗೈಯನ್ನು ಕಟ್ಟೆಯ ಮೇಲಿಟ್ಟು ಕಲ್ಲಿನಿಂದ ಹಸಿರು ಬಳೆ ಎರಡನ್ನು ಒಡೆದೇಬಿಟ್ಟಳು. ಮೂರನೆಯದಕ್ಕೆ ಕೈಯೆತ್ತುವಷ್ಟರಲ್ಲಿ ಹೂವಿನ ಅಜ್ಜಿ ಆ ಹುಡುಗಿಯ ಎರಡೂ ಮುಂಗೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಾಗಿ ಕೂತಳು.

ಅದೇ ಹೊತ್ತಿಗೆ ಪೈಲ್ವಾನ ಬಂದ. ಹುಬ್ಬಳ್ಳಿಯ ಗರಡಿಯೊಂದರಲ್ಲಿ ಎರಡು ದಿನವಿದ್ದು ಬೆಳಗಿನ ರೈಲಿಗೆ ಇಳಿದಿದ್ದ, ಕೈಯಲ್ಲಿ ಬದಾಮು ಬೀಜದ ಗಂಟು. ಅತ್ತೆ ಮನೆಯವರೆಲ್ಲ ಅಳುವುದನ್ನು ಕಂಡು, ರೀತಿಯಂತೆ, ಕೇಳುವ ಮೊದಲು ತಾನೂ ಕೂತು ಅತ್ತ. ಸ್ವಲ್ಪ ಅತ್ತಮೇಲೆ ಕೇಳಿದ:

“ಯಾರು ಹೋದ್ರರಿ, ಮಾವಾ?”

ಮಾವ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ. “ನಮ್ಮ ಅಳಿಯಾ.”

“ಯಾವ ಅಳಿಯಾ?”

“ಇರಾಂವ ಒಬ್ಬನ ಅಲ್ಲೇನಪಾ.”

ಪೈಲ್ವಾನ ಇನ್ನೊಂದಿಷ್ಟು ಅತ್ತ. ಆಮೇಲೆ ನಿಲ್ಲಿಸಿದ. ಎದ್ದು ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ.

“ನನ್ನ ಕಿವಿ ಹಿಂಗ ಅದಾವೇನು?”

“ಕಿವಿ ಖರೇನ ಹಂಗ ಅದಾವು,” ಎಂದಳು ಹೂವಿನ ಅಜ್ಜಿ, ತಲೆಯೆತ್ತದೆ.

ಆಗ ಅವನ ಕಣ್ಣಿಗೆ ಬಳೆಚೂರು ಬಿತ್ತು. ನಾನು ಮತ್ತೆ ಮತ್ತೆ ಕಾಣುವುದು ಮುಂದಿನ ಇಷ್ಟನ್ನೇ. ಪೈಲ್ವಾನ ಗೆಳೆಯನ ಬಲ ಮುಂಗೈ ಹಿಡಿದ. ಹೆಬ್ಬೆರಳು ಎಲುಬಿನ ಮೇಲೆ ಬಂತು.

“ತಾರೀಖು ಯಾರು ಬರದಾರ?”

ನಾನು ಮೂರು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಗೆಳೆಯ ನನ್ನ ಕಡೆ ನೋಡಲೂ ಇಲ್ಲ. “ನಾನ,” ಎಂದ.

“ಹಂಗಾರ ಇದು ಇನ್ನ ಬರಿಯಂಗಿಲ್ಲ.”

ಕಾಕಾ ಮಶೀನು ನಿಲ್ಲಿಸಿ ಹೊರಗೆ ಬಂದ. “ಪೈಲ್ವಾನ್ರ, ಕೈ ಹೋದ್ರ ಕಚೇರ್ಯಾಗ ಅವನ್ನ ಇಟಗೊಳ್ಳಂಗಿಲ್ಲರಿ. ಬೇಕಾದ್ರ ನನ್ನ ಗ್ವಾಡಿ ಕೆಡವ್ರಿ.” ಹಿಡಿತ ಸಡಿಲವಾಗಲಿಲ್ಲ. ಗೆಳೆಯನ ಬೆರಳುಗಳು ಬಿಳುಪೇರಿದವು.

ಕೊನೆಗೆ ಮಾತಾಡಿದವಳು ಪೈಲ್ವಾನನ ಹೆಂಡತಿ. ಅಳುವನ್ನು ನಿಲ್ಲಿಸಿ ಸೀದಾ ಕೇಳಿದಳು:

“ಆ ಕೈ ಮುರದ್ರ ನೀವು ಈ ಚಿತ್ರದಾಗ ಸತ್ತಾಂಗನ ಉಳೀತೀರಿ. ಬ್ಯಾರೇದ್ದು ಬರಿಯಾವ್ರು ಯಾರು? ಇಬ್ಬರನ್ನೂ ಕೂಡ್ಸಿ ಬರಸ್ರಿ. ನನ್ನ ಕೈಯಾಗ ಹಸರ ಬಳಿ ಎಲ್ಲಾ ಇರಬೇಕು. ಒಡದದ್ದೂ.”

ಪೈಲ್ವಾನ ಯೋಚಿಸಿದ. ಕೈ ಬಿಟ್ಟ. ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕೂತ.

ಆ ಚಿತ್ರ ಮುಗಿಯಲು ಒಂದು ತಾಸು ಹಿಡಿಯಿತು. ಗೆಳೆಯನ ಮುಂಗೈ ಮೇಲೆ ನಾಲ್ಕು ಬೆರಳಿನ ಗುರುತು ಎದ್ದಿತ್ತು. ಇದ್ದಲಿ ಎರಡು ಸಲ ಜಾರಿ ಬಿತ್ತು. ಪೈಲ್ವಾನ ಸುಮ್ಮನೆ ಕೂರುವವನಲ್ಲ, ಅಲುಗಬೇಡಿರೆಂದು ಹೇಳುವ ಧೈರ್ಯ ನಮಗಿಲ್ಲ. ಹೀಗಾಗಿ ಅವನಿಗೆ ಮೂರು ಭುಜ ಬಂದವು. ಆಕೆ ಮಾತ್ರ ಬಳೆಗಳನ್ನೇ ಎಣಿಸುತ್ತಿದ್ದಳು.

“ಎಡಗೈಯಾಗ ಒಂದು ಕಡಿಮಿ ಬಿತ್ತರಿ.”

ಗೆಳೆಯ ಒಂದು ಗೆರೆ ಸೇರಿಸಿದ. ಹಿಂದೆ ಚಕ್ಕಡಿಯಲ್ಲಿ ಮುದುಕಿಯೊಬ್ಬಳು ಇನ್ನೂ ಸಣ್ಣಗೆ ಅಳುತ್ತಿದ್ದಳು. ಯಾಕೆಂದು ಕೇಳಿದರೆ, “ಇಷ್ಟು ದೂರ ಬಂದೇನಿ, ಸ್ವಲ್ಪರ ಅತ್ತು ಹೋಗ್ತೇನಿ ತಡೀಪಾ,” ಎಂದಳು. ಹೊಸ ಚಿತ್ರವನ್ನು ಸುರುಳಿ ಮಾಡಿಕೊಂಡು, ಹಳೆಯದನ್ನು ಹರಿದು, ಎಲ್ಲರೂ ಹೊರಟುಹೋದರು.

ಗೆಳೆಯ ಒಂದು ವಾರ ಲೇಖಣಿ ಹಿಡಿಯಲಾರದೆ ರಜೆ ಹಾಕಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಿದ್ದೆಯಾದರೂ ಬರುತ್ತಿತ್ತೇನೋ. ಕಣ್ಣು ಮುಚ್ಚಿದರೆ ಸಾಕು, ತಾರೀಖು ಯಾರು ಬರೆದರೆಂದು ಪೈಲ್ವಾನ ಕೇಳುತ್ತಿದ್ದ. ನಾನು ಎದ್ದು ಕೂರುತ್ತಿದ್ದೆ. ಹತ್ತು ರಾತ್ರಿ ಹೀಗೆ ಕಳೆದು, ಶನಿವಾರ ಬೆಳಿಗ್ಗೆ ಗರಡಿಮನೆಗೆ ಹೋದೆ.

“ತಾರೀಖು ಬರದಾಂವ ನಾನರಿ.”

ಅವನು ಮಣ್ಣು ಹದ ಮಾಡುತ್ತಿದ್ದ. “ಗೊತ್ತೈತಿ.”

“ಹೆಂಗರಿ?”

“ಅವನ ಕೈ ಹಿಡದಾಗ ನೀವು ನಿಮ್ಮ ಕೈ ಬೆನ್ನ ಹಿಂದ ಇಟಗೊಂಡ್ರಿ. ಕುಸ್ತ್ಯಾಗ ನಾವು ನೋಡೂದ ಅದನ್ನ.”

“ಮತ್ತ ನನ್ನ ಯಾಕ ಬಿಟ್ರಿ?”

“ನಿಮ್ಮ ಕೈಯಾಗ ಮುರಿಯೂವಂಥಾದ್ದು ಏನೈತಿ?” ಎಂದ, ನಿಜವಾಗಿಯೂ ತಿಳಿಯಬಯಸುವವನಂತೆ. “ಅಂಗಿ ತಗೀರಿ. ನೂರು ಬಸ್ಕಿ ಹೊಡೀರಿ.”

ನಲವತ್ತಕ್ಕೆ ಮೊಣಕಾಲು ಸೋತವು. ಬಿದ್ದೆ. ಅವನು ಎತ್ತಿ ನಿಲ್ಲಿಸಿ ಮತ್ತೆ ಒಂದರಿಂದ ಎಣಿಸಿದ. ಖೋಲಿಗೆ ಗೋಡೆ ಹಿಡಿದುಕೊಂಡು ಬಂದೆ. ಗೆಳೆಯನಿಗೆ ಎಲ್ಲ ಹೇಳಿದೆ: ಪೈಲ್ವಾನ ಕೇಳಿದ್ದು, ನಾನು ಬೆನ್ನ ಹಿಂದೆ ಕೈ ಇಟ್ಟುಕೊಂಡದ್ದು. ಅವನು ಪಟ್ಟಿ ಸುತ್ತಿದ ಕೈಯಿಂದಲೇ ಎಣ್ಣೆ ಬಾಟಲಿಯನ್ನು ನನ್ನ ಕಡೆ ತಳ್ಳಿ, “ಹಚ್ಚಿಕೋ,” ಎಂದ. ಒಂದು ಕಾಲಿಗೆ ಹಚ್ಚಿದ್ದು ನೆನಪಿದೆ. ಇನ್ನೊಂದಕ್ಕೆ ಹಚ್ಚಿದ್ದು ನೆನಪಿಲ್ಲ. ಎಚ್ಚರಾದಾಗ ರವಿವಾರ, ಬಿಸಿಲು ಹಾಸಿಗೆಯ ಮೇಲಿತ್ತು.