ಅಪ್ಪನ ಹಲ್ಲಿನ ಹಿಂದಿನ ಗೋಡೆ

ಅಪ್ಪ ಹಗಲು ಹೈಸ್ಕೂಲಿನ ಕನ್ನಡ ಮೇಷ್ಟ್ರು, ಸಂಜೆ ಗಮಕಿ. ಹಳೆಯ ಕಾವ್ಯವನ್ನು ರಾಗವಾಗಿ, ಒಂದಕ್ಷರವೂ ನುಂಗದೆ ಓದುವುದೇ ಅವರ ಸಂತೋಷ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಸಿದ್ಧಾರ್ಥನಗರದ ದೇವಸ್ಥಾನದಲ್ಲಿ ಅವರ ವಾಚನ ಶುರುವಾಗಲು ಇನ್ನೇನು ಎರಡು ವಾರ ಇದೆ ಅನ್ನುವಾಗ, ಕೆಳಸಾಲಿನ ಮುಂದಿನ ಹಲ್ಲೊಂದು ಅಲ್ಲಾಡತೊಡಗಿತು. ಬ್ರಷ್ ತಾಗಿದರೆ ರಕ್ತ. ಡೆಂಟಿಸ್ಟ್ ಹತ್ತಿರ ಹೋಗಿ ಕ್ಲೀನ್ ಮಾಡಿಸಿಕೊಳ್ಳಿ ಎಂದು ಅಮ್ಮ ಹೇಳಿದರು. ಅಪ್ಪ ಖಂಡಿತಾ ಆಗದು ಎಂದರು.

ಅವರ ಪ್ರಕಾರ, ವರ್ಷಗಟ್ಟಲೆ ಕೊಳೆ ಗಟ್ಟಿಯಾಗಿ ಹಲ್ಲಿನ ಹಿಂದೆ ಕಟ್ಟಿಕೊಂಡ ಕಲ್ಲೇ ಗೋಡೆಯ ಹಾಗೆ ಹಲ್ಲುಗಳನ್ನು ಹಿಡಿದು ನಿಲ್ಲಿಸಿತ್ತು.

"ಅದನ್ನ ಕಿತ್ಬುಟ್ರೆ ಸಂದಿ ಬೀಳುತ್ತೆ ಕಣೋ. ಸಂದೀಲಿ ಗಾಳಿ ನುಗ್ಗಿದ್ರೆ ಓದೋದು ಎಂಗೆ?"

ಸಾಕ್ಷಿಗೆ ದೊಡ್ಡಪ್ಪ ಇದ್ದರು: ಕ್ಲೀನ್ ಮಾಡಿಸಿಕೊಂಡ ವರ್ಷವೇ ಎರಡು ಹಲ್ಲು ಕಳೆದುಕೊಂಡವರು. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮುಳುಗಿದ್ದ ಕಾಲ. ಇಂಥ ವಾದ ಕೈಗೆ ಸಿಕ್ಕರೆ ಬಿಡುವವನಲ್ಲ. ಆಂಬುಲೆನ್ಸ್ ಬಂದ ಮನೆಯಲ್ಲೆಲ್ಲ ಕಾಯಿಲೆಯವರಿರುತ್ತಾರೆ, ಹಾಗಂತ ಕಾಯಿಲೆ ತಂದದ್ದು ಆಂಬುಲೆನ್ಸೇ ಏನು ಎಂದು ಕೇಳಿದೆ. ದೊಡ್ಡಪ್ಪ ಹಲ್ಲು ಅಲ್ಲಾಡಿದ ಮೇಲೆ ತಾನೇ ಹೋದದ್ದು? ಅಪ್ಪ, ಹಾಗಾದರೆ ಮೊದಲು ನೀನು ಡೆಂಟಿಸ್ಟ್ ಕುರ್ಚಿಯಲ್ಲಿ ಕೂತು ತೋರಿಸು ಎಂದರು. ವಾದದಲ್ಲಿ ಗೆದ್ದವನಿಗೆ ಇಂಥ ಬಹುಮಾನ ಯಾವ ಕಾಲೇಜಿನಲ್ಲೂ ಕೊಟ್ಟಿರಲಿಲ್ಲ.

ಮೆಡಿಕಲ್ ಸ್ಟೋರಿನ ಮೇಲಿದ್ದ ಕ್ಲಿನಿಕ್ಕಿನ ಡಾಕ್ಟರಮ್ಮ ನಾನು ಕೂತ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಪುಟ್ಟ ಕನ್ನಡಿ ಬಾಯಿಗಿಟ್ಟು, ಸಣ್ಣ ಕಡ್ಡಿಯೊಂದರಿಂದ ವಸಡಿನ ಅಂಚನ್ನು ಒತ್ತಿ ಒತ್ತಿ ನೋಡಿದರು. ಆಮೇಲೆ ನೀರು ಚಿಮ್ಮುತ್ತ ಗುಂಯ್‌ಗುಡುವ ಯಂತ್ರ. ನೋವು ಅಂತ ಹೇಳುವಂಥದ್ದೇನೂ ಇರಲಿಲ್ಲ. ಸದ್ದು ಮಾತ್ರ ತಲೆಬುರುಡೆಯ ಒಳಗಿಂದಲೇ ಬಂದಂತಿತ್ತು. ಅಲ್ಲಲ್ಲಿ ಜುಮ್ಮೆಂದಿತು. ತುಟಿಗೆ ಸಿಕ್ಕಿಸಿದ ಕೊಳವೆ ಉಗುಳನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಬಾಯಿ ತೆರೆದುಕೊಂಡೇ ಇದ್ದು ಒಂದು ಮಾತೂ ಆಡಲಾಗದ ಸ್ಥಿತಿ ನನಗೆ ಹೊಸದು. ಅಪ್ಪ ಬಾಗಿಲಲ್ಲಿ ನಿಂತು ಅದನ್ನು ಆನಂದದಿಂದ ನೋಡಿದರು.

ಎದ್ದವನೇ ಬಾಯಿ ಮುಕ್ಕಳಿಸಿ, ನೀವು ಡೆಂಟಿಸ್ಟರೆಲ್ಲ ಆರು ತಿಂಗಳಿಗೊಮ್ಮೆ ಬನ್ನಿ ಅನ್ನುವುದು ಹಲ್ಲಿಗಾಗಿಯೋ ಕ್ಲಿನಿಕ್ಕಿಗಾಗಿಯೋ ಎಂದು ಕೇಳಿದೆ. ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ವಸಡು ಚೆನ್ನಾಗಿದೆ, ನೀವು ವರ್ಷಕ್ಕೊಮ್ಮೆ ಬಂದರೆ ಸಾಕು. ವಸಡಿನಲ್ಲಿ ರಕ್ತ ಬರುವ ಮೇಷ್ಟ್ರು ಮಾತ್ರ ಬೇಗ ಬೇಗ ಬರಬೇಕು ಎಂದರು. ಎಲ್ಲರಿಗೂ ಒಂದೇ ಲೆಕ್ಕ ಹೇಳದೆ ಇದ್ದುದರಿಂದ ನನಗೆ ಅವರ ಮೇಲೆ ನಂಬಿಕೆ ಬಂತು.

ಅಪ್ಪನದು ತುಂಬ ಹೊತ್ತು ಹಿಡಿಯಿತು. ಕಂದು ಬಣ್ಣದ ಚೂರುಗಳು ತೊಟ್ಟಿಗೆ ಬಿದ್ದವು. ಮುಕ್ಕಳಿಸಿದ ನೀರು ಕೆಂಪಾಗಿತ್ತು. ಅವರು ನಾಲಿಗೆಯನ್ನು ಕೆಳಹಲ್ಲಿನ ಹಿಂದೆ ಆಡಿಸಿ ಗಾಬರಿಯಿಂದ ನನ್ನತ್ತ ನೋಡಿದರು. ನಂತರ ಕುರ್ಚಿಯಲ್ಲೇ ನೆಟ್ಟಗೆ ಕೂತು, ಕತ್ತಿಗೆ ಕಟ್ಟಿದ್ದ ಬಟ್ಟೆಯ ಸಮೇತ, ಷಟ್ಪದಿಯೊಂದನ್ನು ಎತ್ತಿಕೊಂಡರು. ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು. ಎರಡನೆಯ ಸಾಲಿನಲ್ಲೇ ಗಾಳಿ ಸುಯ್ಯೆಂದಿತು.

"ನೋಡಿದ್ಯಾ? ಗೋಡೆ ಕೆಡವಿಸ್ಬುಟ್ಟೆ," ಎಂದರು ನನಗೆ.

ಸಂದಿ ನಿಜವಾಗಿಯೂ ಇತ್ತು. ನನ್ನ ಕಿವಿಗೂ ಕೇಳಿಸಿತ್ತು.

"ಸಂದಿ ನಾವು ಮಾಡಿದ್ದಲ್ಲ ಮೇಷ್ಟ್ರೇ," ಎಂದರು ಡಾಕ್ಟರಮ್ಮ. "ವಸಡು ಇಳಿದು ಯಾವಾಗ್ಲೋ ಆಗಿತ್ತು. ಕಲ್ಲು ಅದನ್ನ ಮುಚ್ಚಿತ್ತು ಅಷ್ಟೆ. ಅಲ್ಲಾಡೋ ಹಲ್ಲು ಬಿಗಿ ಆಗುತ್ತೋ ಇಲ್ವೋ, ಈಗ್ಲೇ ಮಾತು ಕೊಡಲ್ಲ. ಕಲ್ಲು ಅಲ್ಲೇ ಇದ್ದಿದ್ರೆ ಮಾತ್ರ ಬಿದ್ದೇ ಬೀಳ್ತಿತ್ತು. ನಾಲಿಗೆಗೆ ಹೊಸ ಜಾಗ ಅಭ್ಯಾಸ ಆಗ್ಲಿ."

ಅಂದಿನಿಂದ ಮನೆಯಲ್ಲಿ ಬೆಳಗ್ಗೆ ಬೆಳಗ್ಗೆಯೇ ಸಾಧನೆ. ಅಪ್ಪ ಸಕಾರ ತುಂಬಿದ ಪದ್ಯಗಳನ್ನೇ ಹುಡುಕಿ ಹುಡುಕಿ ಓದುವರು, ಅಮ್ಮ ಒಗ್ಗರಣೆ ಹಾಕುತ್ತಲೇ ತೀರ್ಪು ಕೊಡುವರು. ತಣ್ಣೀರು ಕುಡಿದು ಹಲ್ಲು ಜುಮ್ಮೆಂದಾಗಲೆಲ್ಲ ಅಪ್ಪ ನನ್ನ ಕಡೆ ತಿರುಗುತ್ತಿದ್ದರು. ಕೆಲವು ದಿನಗಳಲ್ಲಿ ಆ ಜುಮ್ಮೂ ಹೋಯಿತು, ರಕ್ತವೂ ನಿಂತಿತು.

ವಾಚನದ ದಿನ ನಾನು ಕಂಬಕ್ಕೊರಗಿ, ತೀರ್ಪುಗಾರನ ಹಾಗೆ ಕಿವಿ ಚುರುಕು ಮಾಡಿಕೊಂಡು ಕೂತೆ. ಮೊದಲ ಪದ್ಯದಲ್ಲಿ ಒಂದು ಸಣ್ಣ ಸುಯ್ಲು ಸಿಕ್ಕಿತು. ಎರಡನೆಯದರಲ್ಲಿ ಸಿಕ್ಕಿತೋ ಇಲ್ಲವೋ ಅನುಮಾನ. ಆಮೇಲೆ ಕಥೆಯಲ್ಲಿ ಯುದ್ಧ ಹತ್ತಿಕೊಂಡಿತು. ಕಂಬ ಬಿಟ್ಟು ಮುಂದಕ್ಕೆ ಬಾಗಿ ಕೂತಿದ್ದೆ. ಮಂಗಳಾರತಿಯ ಗಂಟೆ ಬಾರಿಸಿದಾಗಲೇ ನಾನು ಏನನ್ನು ಕೇಳಲು ಬಂದಿದ್ದೆ ಎಂಬುದು ನೆನಪಾಯಿತು.

ಮನೆಗೆ ನಡೆಯುವಾಗ ಅಪ್ಪ, ಹೇಗಿತ್ತು ಎಂದರು. ಯುದ್ಧ ಚೆನ್ನಾಗಿತ್ತು ಎಂದೆ. ಅವರು ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಂದಿಷ್ಟು ದೂರ ನಡೆದ ಮೇಲೆ, ಆ ಡಾಕ್ಟರಮ್ಮ ಮತ್ತೆ ಯಾವಾಗ ಬರೋಕೆ ಹೇಳಿದ್ರು ಎಂದು ಕೇಳಿದರು.